ಚಮಚಕ್ಕೂ ಮಾರ್ಜಿನ್

ನಮ್ಮ ಅಂಗಡಿಯಿಂದ ಹೋದ ಒಂದು ಕೋಟೂ ಸರಿಯಿಲ್ಲವೆಂದು ವಾಪಸ್ ಬಂದದ್ದಿಲ್ಲ. ಇದು ಜಂಬವಲ್ಲ. ಜಂಬವೇ ಅಂದುಕೊಳ್ಳಿ ಬೇಕಾದರೆ, ಇಪ್ಪತ್ತೆಂಟು ವರ್ಷ ಸೂಜಿ ಹಿಡಿದವಳು ಅಷ್ಟಾದರೂ ಪಡಬಾರದೇ? ಹೊಟ್ಟೆ ಬಂದು ಗುಂಡಿ ಹತ್ತದವರು ಬಂದಿದ್ದಾರೆ, ಕಾಯಿಲೆ ಬಿದ್ದು ಸೊರಗಿದವರು ಬಂದಿದ್ದಾರೆ. ಅದು ಅವರವರ ದೇಹದ ತಪ್ಪು, ನಮ್ಮ ಕತ್ತರಿಯ ತಪ್ಪಲ್ಲ.

ಕತ್ತರಿ ಅಂದರೆ ನಮ್ಮವರದು. ಅಂಗಡಿಯಲ್ಲಿರುವುದು ನಾವಿಬ್ಬರೇ, ಗಂಡ ಹೆಂಡತಿ. ಅಳತೆ ತೆಗೆಯುವುದು, ಸುಣ್ಣದ ಬಿಲ್ಲೆಯಿಂದ ಗೆರೆ ಹಾಕುವುದು, ಕತ್ತರಿಸುವುದು ಅವರ ಕೆಲಸ. ಹೊಲಿಗೆ, ಅಸ್ತರು, ಕಾಜಾ, ಗುಂಡಿ ನನ್ನ ಪಾಲು. ಆ ದೊಡ್ಡ ಕತ್ತರಿಯನ್ನು ಅವರು ನಮ್ಮ ಮದುವೆಗೆ ಎರಡು ವರ್ಷ ಮುಂಚೆ ಕೊಂಡದ್ದು. ಹಾಗಾಗಿ ಅದು ನನ್ನ ಸವತಿ, ಅದೂ ಹಿರಿಯ ಸವತಿ. ಹೊಸದರಲ್ಲಿ ಒಮ್ಮೆ ಗೊತ್ತಿಲ್ಲದೆ ಅದರಲ್ಲಿ ಕಾಗದ ಕತ್ತರಿಸಿಬಿಟ್ಟೆ. ಕಾಗದ ಕತ್ತರಿಸಿದರೆ ಅಲಗು ಮೊಂಡಾಗುತ್ತದಂತೆ. ಎರಡು ದಿನ ಮನುಷ್ಯ ನನ್ನ ಜೊತೆ ಮಾತಾಡಲಿಲ್ಲ. ಅವತ್ತಿನಿಂದ ನಾನು ಅದರ ತಂಟೆಗೇ ಹೋಗಿಲ್ಲ.

ಅಂಗಡಿಯಲ್ಲಿ ಒಂದು ಅಳತೆ ಪುಸ್ತಕವಿದೆ. ಒಬ್ಬೊಬ್ಬ ಗಿರಾಕಿಗೆ ಒಂದು ಪುಟ. ಎದೆ, ಸೊಂಟ, ತೋಳು, ಬೆನ್ನು, ಎಲ್ಲದರ ಅಳತೆ, ಕೆಳಗೆ ‘ಕತ್ತರಿ’ ಎಂದು ಬರೆದು ಅದರ ಮುಂದೆ ನಮ್ಮವರ ಸಹಿ. ಕತ್ತರಿಸಿದವನೇ ಆ ಬಟ್ಟೆಗೆ ಜವಾಬ್ದಾರ ಎನ್ನುವುದು ಅವರಿಗೆ ಕೆಲಸ ಕಲಿಸಿದ ಗುರುಗಳ ನಿಯಮ. ಹೊಲಿದವರ ಹೆಸರಿಗೆ ಆ ಪುಸ್ತಕದಲ್ಲಿ ಜಾಗವಿಲ್ಲ. ಈ ವಿಷಯಕ್ಕೆ ನಾವು ಜಗಳವಾಡದ ವರ್ಷವಿಲ್ಲ.

ಇನ್ನು ನನ್ನ ಕಾಯಿಲೆಯೊಂದನ್ನು ಹೇಳಿಬಿಡಬೇಕು, ಈ ಕತೆಗೆ ಅದೇ ಮೂಲ. ನನ್ನ ಕಾಯಿಲೆ ಮಾರ್ಜಿನ್. ಅಸ್ತರಿನ ಬಟ್ಟೆಯನ್ನು ಮಾತ್ರ ನಾನೇ ನನ್ನ ಚಿಕ್ಕ ಕತ್ತರಿಯಲ್ಲಿ ಕತ್ತರಿಸುತ್ತೇನೆ. ಅವರು ಅರ್ಧ ಇಂಚು ಬಿಡು ಎಂದರೆ ನಾನು ಮುಕ್ಕಾಲು ಬಿಡುತ್ತೇನೆ. ಹೆಚ್ಚಾದರೆ ಒಳಗೆ ಮಡಚಬಹುದು, ಕಡಿಮೆಯಾದರೆ ಯಾರಪ್ಪನ ಮನೆಯಿಂದ ತರೋಣ? ಈ ಚಾಳಿ ಅಂಗಡಿಯಲ್ಲೇ ನಿಲ್ಲಲಿಲ್ಲ. ಇಬ್ಬರಿಗೆ ಚಹಾ ಇಡು ಎಂದರೆ ಮೂರು ಲೋಟ ಇಡುತ್ತೇನೆ. ಹತ್ತು ಗಂಟೆಯ ಬಸ್ಸಿಗೆ ಒಂಬತ್ತೂಕಾಲಿಗೇ ಹೋಗಿ ನಿಲ್ಲುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಮ್ಮವರು ಕೈ ಬಿಟ್ಟಿದ್ದರು.

ಒಂದೂವರೆ ವರ್ಷದ ಹಿಂದೆ ಮೊದಲು ಕೈಕೊಟ್ಟದ್ದು ಅವರ ಅಕ್ಷರ. ಪುಸ್ತಕದಲ್ಲಿ ಸಹಿ ದಿನದಿನಕ್ಕೆ ಚಿಕ್ಕದಾಗುತ್ತಾ ಬಂತು. ಪುಟ ಉಳಿಸುತ್ತೀರೇನು ಎಂದು ನಾನು ಹಂಗಿಸಿದೆ. ಆಮೇಲೆ ಬಲಗೈ ಸದಾ ಜೇಬಿನೊಳಗೆ ಇರತೊಡಗಿತು. ಒಂದು ದಿನ ಕಪ್ಪು ಬಟ್ಟೆಯ ಮೇಲೆ ಅವರು ಹಾಕಿದ ಗೆರೆ ನೋಡಿದೆ. ಎಳೆದು ಕಟ್ಟಿದ ದಾರದಂತೆ ಇರುತ್ತಿದ್ದ ಗೆರೆ ಇರುವೆ ಸಾಲಿನ ಹಾಗೆ ಅತ್ತಿತ್ತ ಹೋಗಿತ್ತು. ಅವರೇ ಅದನ್ನು ಬ್ರಷ್ಷಿನಿಂದ ಒರೆಸಿ ಮತ್ತೆ ಹಾಕಿದರು. ಮತ್ತೆ ಒರೆಸಿದರು. ಮಾರನೆಯ ದಿನವೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಒಳ್ಳೆಯವರು, ಗಡಿಬಿಡಿ ಇಲ್ಲ. ಕೈಕಾಲು ಆಡಿಸಿ ನೋಡಿ, ನಡೆಸಿ ನೋಡಿ, ಬರೆಸಿ ನೋಡಿ, ಇದು ಕಂಪವಾತ ಎಂದರು. ಮಿದುಳಿನಲ್ಲಿ ಡೋಪಮೈನ್ ಎಂಬುದೊಂದಿದೆಯಂತೆ, ಕೈಗೆ ನಡೆ ಎಂದರೆ ನಡೆ, ನಿಲ್ಲು ಎಂದರೆ ನಿಲ್ಲು ಎಂದು ಅಪ್ಪಣೆ ಮುಟ್ಟಿಸುವುದು ಅದೇ. ಇವರಲ್ಲಿ ಅದು ಕಡಿಮೆಯಾಗುತ್ತಿದೆ. ಗುಣವಾಗುವ ಕಾಯಿಲೆಯಲ್ಲ, ಆದರೆ ಹದ್ದುಬಸ್ತಿನಲ್ಲಿ ಇಡಬಹುದು. ದಿನಕ್ಕೆ ಮೂರು ಗುಳಿಗೆ, ಖಾಲಿ ಹೊಟ್ಟೆಯಲ್ಲಿ. ಬೇರೆ ಏನಾದರೂ ಔಷಧಿ, ಪುಡಿ, ಕಷಾಯ ತೆಗೆದುಕೊಳ್ಳುವುದಿದ್ದರೆ ಮೊದಲು ನನಗೆ ಹೇಳಿ ಎಂದರು.

ನಾನು ಕೇಳಿಸಿಕೊಂಡದ್ದು ಒಂದೇ ಮಾತು. ಕಡಿಮೆಯಾಗುತ್ತಿದೆ. ಕಡಿಮೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನನ್ನಂಥವಳು ಸುಮ್ಮನಿರುವುದುಂಟೇ?

ನನ್ನ ತಮ್ಮನಿಗೆ ಮಾರ್ಕೆಟ್ಟಿನಲ್ಲಿ ಬೀಜ, ಒಣಹಣ್ಣುಗಳ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಫೋನಿನಲ್ಲಿ ಆರೋಗ್ಯದ ವಿಷಯ ಓದುತ್ತಾನೆ, ಅರ್ಧ ಡಾಕ್ಟರಾಗಿದ್ದಾನೆ, ಉಳಿದರ್ಧ ಬಾಯಿ. ಭಾವನಿಗೆ ಹೀಗೆ ಎಂದ ಕೂಡಲೇ ಅವನು ಓದಿ ಹೇಳಿದ. ಡೋಪಮೈನ್ ಹುಟ್ಟುವುದು ಟೈರೋಸಿನ್ ಎಂಬುದರಿಂದ, ಅದು ಮೊಟ್ಟೆ, ಹಾಲು, ಬಾದಾಮಿ, ಎಳ್ಳು, ಕುಂಬಳಬೀಜ, ಬೇಳೆಕಾಳುಗಳಲ್ಲಿ ಇದೆ. ಬಾಳೆಹಣ್ಣೂ ಒಳ್ಳೆಯದು. ಒಂದು ದೊಡ್ಡ ಚೀಲ ಕಟ್ಟಿಕೊಟ್ಟ. ಕೊನೆಗೆ ಹಿಂದಿನ ಕಪಾಟಿನಿಂದ ಒಂದು ಡಬ್ಬಿ ತೆಗೆದ. ನಸುಗುನ್ನಿ ಬೀಜದ ಪುಡಿ. ಕಾಯಿಯ ಮೇಲಿನ ನವಿರು ತಾಗಿದರೆ ಮೈಯೆಲ್ಲ ತುರಿಕೆ ಬರುತ್ತದಲ್ಲ, ಅದೇ ಬಳ್ಳಿಯ ಬೀಜ. ಕಾಲು ಚಮಚ, ಅದಕ್ಕಿಂತ ಹೆಚ್ಚು ಬೇಡ ಅಕ್ಕ, ಡಾಕ್ಟ್ರನ್ನ ಒಂದು ಮಾತು ಕೇಳಿಬಿಡು ಎಂದು ಅವನೂ ಹೇಳಿದ. ಸುಳ್ಳು ಹೇಳಬಾರದು, ಅವನ ತಪ್ಪಿಲ್ಲ.

ಮಾರನೆಯ ಬೆಳಿಗ್ಗೆಯಿಂದ ನನ್ನ ದರ್ಬಾರು ಶುರುವಾಯಿತು. ಖಾಲಿ ಹೊಟ್ಟೆಯಲ್ಲಿ ಗುಳಿಗೆ ಎಂದರೆ ಕರುಳು ಸುಡುವುದಿಲ್ಲವೇ ಎಂದು ಗುಳಿಗೆಯ ಜೊತೆಗೇ ಎರಡು ಮೊಟ್ಟೆ, ಒಂದು ಲೋಟ ಹಾಲು. ಹತ್ತು ಗಂಟೆಗೆ ಬಾದಾಮಿ, ಎಳ್ಳು. ಮಧ್ಯಾಹ್ನದ ಗುಳಿಗೆ ಕಾಳಿನ ಜೊತೆ. ನಮ್ಮವರು ಮೂಗು ಮುರಿದರು, ನಾನು ಕಣ್ಣು ಬಿಟ್ಟೆ, ತಿಂದರು. ಹದಿನೈದು ದಿನ ಕಳೆದರೂ ಗೆರೆ ನೆಟ್ಟಗಾಗಲಿಲ್ಲ. ಗುಳಿಗೆ ಕೆಲಸವನ್ನೇ ಮಾಡುತ್ತಿಲ್ಲ ಎನ್ನಿಸಿತು.

ಒಂದು ಕೆಲಸವನ್ನು ಮಾತ್ರ ನಾನು ಸರಿಯಾಗಿ ಮಾಡಿದ್ದೆ. ಅಳತೆ ಪುಸ್ತಕದ ಹಿಂದಿನ ಖಾಲಿ ಪುಟಗಳಲ್ಲಿ ಎಷ್ಟು ಗಂಟೆಗೆ ಏನು ಕೊಟ್ಟೆ ಎಂಬುದನ್ನೆಲ್ಲ ಬರೆದಿಟ್ಟೆ. ದಿನಕ್ಕೆ ಐದು ಸಲ ಅವರ ಕೈಗೆ ಸುಣ್ಣದ ಬಿಲ್ಲೆ ಕೊಟ್ಟು, ಕಂದು ಕಾಗದದ ಮೇಲೆ ಒಂದಡಿ ಗೆರೆ ಹಾಕಿಸಿ, ಪಕ್ಕದಲ್ಲಿ ಹೊತ್ತು ನಮೂದಿಸಿ ಸುತ್ತಿಡುತ್ತಿದ್ದೆ. ಗೆರೆ ಎಷ್ಟು ನೂಲು ಆಚೀಚೆ ಹೋಗಿದೆ ಎಂದು ಟೇಪು ಹಿಡಿದು ಅಳೆಯುತ್ತಿದ್ದೆ; ನೂಲು ಅಂದರೆ ನಮ್ಮ ಲೆಕ್ಕದಲ್ಲಿ ಇಂಚಿನ ಎಂಟನೆಯ ಒಂದು ಪಾಲು. ಅಳೆಯದೆ ಯಾವುದನ್ನೂ ನಂಬದ ಮನೆ ನಮ್ಮದು.

ಆ ಹೊತ್ತಿಗೇ ಬ್ಯಾಂಡ್ ಮಾಸ್ಟರು ಬಂದರು. ಪಾರ್ಕಿನಲ್ಲಿ ಭಾನುವಾರ ನುಡಿಸುವ ಬ್ಯಾಂಡಿಗೆ ಮೂವತ್ತೈದು ವರ್ಷದಿಂದ ಅವರೇ ಮುಂದಾಳು. ಎಳವೆಯಲ್ಲಿ ದೊಡ್ಡ ಡೋಲು ಹೊತ್ತೂ ಹೊತ್ತೂ ಅವರ ಬಲಭುಜ ಎರಡು ಬೆರಳು ಕೆಳಗಿಳಿದಿದೆ. ಅದು ಕಾಣದ ಹಾಗೆ ಕೋಟು ಕತ್ತರಿಸುವವರು ಈ ಊರಿನಲ್ಲಿ ನಮ್ಮವರೊಬ್ಬರೇ, ಈ ಮಾತಿಗೆ ಬೇಕಾದರೆ ನಾನು ಬಾಜಿ ಕಟ್ಟುತ್ತೇನೆ. ಆರು ವಾರಕ್ಕೆ ಅವರ ಕಡೆಯ ಕಛೇರಿ. ಅದಕ್ಕೆಂದು ಒಂದು ಬಟ್ಟೆ ತಂದಿದ್ದರು. ತೀರಿಕೊಂಡ ಹೆಂಡತಿ ಬಹಳ ಹಿಂದೆ ಕೊಂಡು ತೆಗೆದಿಟ್ಟಿದ್ದ ಕಡುನೀಲಿ ಉಣ್ಣೆ. ನೇಯ್ದ ಮಿಲ್ಲೇ ಈಗ ಇಲ್ಲ. ನಮ್ಮವರು ಮೇಜಿನ ಮೇಲೆ ಹಾಸಿ ಟೇಪು ಇಟ್ಟರು. ಮಾಸ್ಟರ ಮೈಗೆ ಬೇಕಾದದ್ದಕ್ಕಿಂತ ಒಂದು ಗೇಣು ಕಡಿಮೆ.

ಸಾಲದು ಎಂದು ನನ್ನ ಬಾಯಿಗೆ ಬಂದಿತ್ತು. ನಮ್ಮವರು ಬಟ್ಟೆಯ ಮೇಲೆ ಎಡಗೈ ಆಡಿಸುತ್ತಾ, ಆಗುತ್ತೆ, ಬಿಟ್ಟು ಹೋಗಿ ಎಂದರು.

ಅವತ್ತೇ ನಾನು ಪುಡಿಯ ಡಬ್ಬಿ ಬಿಚ್ಚಿದ್ದು. ಕಾಲು ಚಮಚ ಎಂದಿದ್ದನಲ್ಲ ತಮ್ಮ, ನಾನು ಮಾರ್ಜಿನ್ ಬಿಟ್ಟು ಅರ್ಧ ಹಾಕಿದೆ. ಬಾಳೆಹಣ್ಣು ಕಿವುಚಿ ಅದರಲ್ಲಿ ಬೆರೆಸಿ ಕೊಟ್ಟೆ. ಏನೆಂದು ಹೇಳಲಿಲ್ಲ. ಒಂದು ಗಂಟೆಯೊಳಗೆ ಕೈಯ ನಡುಕ ನಿಂತಿತು! ದೇವರಾಣೆ, ಕೈ ಮೊದಲಿನ ಹಾಗಾಯಿತು. ಹಳೆಯ ಬಟ್ಟೆಯ ಮೇಲೆ ಅವರು ಹಾಕಿದ ಗೆರೆಗೆ ಸ್ಕೇಲು ಇಟ್ಟು ನೋಡಿದೆ, ಕೂದಲೆಳೆಯಷ್ಟೂ ಆಚೀಚೆ ಹೋಗಿರಲಿಲ್ಲ. ಅವರು ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ನನಗಂತೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅರ್ಧಕ್ಕೇ ಹೀಗಾದರೆ ಒಂದಕ್ಕೆ ಹೇಗೆ ಎಂದು ಲೆಕ್ಕ ಹಾಕಿದೆ. ನಾಲ್ಕನೆಯ ದಿನಕ್ಕೆ ತುಂಬಿದ ಒಂದು ಚಮಚ.

ಅತಿಯಾದರೆ ಅಮೃತವೂ ವಿಷ ಎಂದು ಗಿರಾಕಿಗಳಿಗೆ ನಾನೇ ಎಷ್ಟು ಸಲ ಹೇಳಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಅವರಿಗೆ ಎದ್ದು ನಿಂತರೆ ತಲೆಸುತ್ತು, ಹೊಟ್ಟೆ ತೊಳಸು. ಆಮೇಲೆ ಮೈ ತಾನಾಗಿ ಆಡತೊಡಗಿತು. ನಡುಕವಲ್ಲ ಅದು, ಕತ್ತು ಒಂದು ಕಡೆ ವಾಲುವುದು, ಭುಜ ತಿರುಚುವುದು, ಕೂತಲ್ಲಿ ಕೂರಲಾಗದೆ ತೂಗುವುದು. ಬ್ಯಾಂಡ್ ಮಾಸ್ಟರು ಅಳತೆ ಕೊಡಲು ಬಂದ ದಿನ ನಮ್ಮವರು ಟೇಪು ಹಿಡಿದು ಅವರ ಬೆನ್ನ ಹಿಂದೆ ನಿಂತರು. ತೋಳು ತಾನೇ ಹಾರಿ ಟೇಪಿನ ತುದಿಯ ತಗಡು ಆ ಹಿರಿಯರ ಕಿವಿಗೆ ಬಡಿಯಿತು. ಬ್ಯಾಂಡ್ ಮಾಸ್ಟರು ಕಿವಿ ಉಜ್ಜಿಕೊಳ್ಳುತ್ತಾ ಮೆಲ್ಲಗೆ, ಅವಸರವಿಲ್ಲ, ಕಷ್ಟವಾದರೆ ಬೇರೆ ಕಡೆ ಕೊಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ನನಗೆ ಉರಿದುಹೋಯಿತು. ಈ ಅಂಗಡಿಯೊಳಗೆ ಬಂದ ಬಟ್ಟೆ ಬಟ್ಟೆಯಾಗಿ ಹೊರಗೆ ಹೋದದ್ದಿಲ್ಲ, ಹದಿನೈದು ದಿನ ಬಿಟ್ಟು ಬನ್ನಿ ಎಂದು ನಾನೇ ಕಳಿಸಿದೆ.

ಅವರು ಹೋದ ಮೇಲೆ ನಮ್ಮವರು ಸ್ಟೂಲಿನ ಮೇಲೆ ಕೂತರು. ಕತ್ತು ಆಡುತ್ತಲೇ ಇತ್ತು.

“ಬಾಳೆಹಣ್ಣಲ್ಲಿ ಏನು ಹಾಕ್ತಿದ್ದೀಯ?”

ಹೇಳಿದೆ. ಎಷ್ಟು ಎಂದು ಕೇಳಿದರು. ಒಂದು ಚಮಚ ಎಂದೆ. ತಮ್ಮ ಎಷ್ಟು ಹೇಳಿದ್ದ ಎಂದು ಕೇಳಿದರು. ಕಾಲು ಎಂದೆ. ಅವರು ಬೈಯುತ್ತಾರೆ ಎಂದು ಕಾದೆ, ಬೈದಿದ್ದರೆ ನಾನೂ ಎರಡು ಆಡಿ ಹಗುರಾಗುತ್ತಿದ್ದೆ.

“ನಾನು ಬಟ್ಟೆ ಅಲ್ಲ ಕಣೇ. ಹೆಚ್ಚಾಯ್ತು ಅಂತ ಒಳಗೆ ಮಡಚೋಕಾಗಲ್ಲ.”

ಇಷ್ಟೇ ಅಂದರು. ನಾನು ಅಲ್ಲೇ ನಿಂತು ಅತ್ತೆ. ಇಪ್ಪತ್ತೆಂಟು ವರ್ಷದಲ್ಲಿ ಆ ಮನುಷ್ಯನ ಮುಂದೆ ಅತ್ತದ್ದು ಅದೇ ಎರಡನೆಯ ಸಲವೋ ಮೂರನೆಯ ಸಲವೋ.

ಮಾರನೆಯ ದಿನ ಡಬ್ಬಿ, ಅಳತೆ ಪುಸ್ತಕ, ಕಂದು ಕಾಗದದ ಸುರುಳಿ ಎಲ್ಲವನ್ನೂ ಹೊತ್ತು ಡಾಕ್ಟರಮ್ಮನ ಮುಂದೆ ಹೋಗಿ ಕೂತೆ. ಮಾಡಿದ್ದುಣ್ಣೋ ಮಹರಾಯ ಎಂದು ಎಲ್ಲ ಒಪ್ಪಿಸಿದೆ. ಅವರು ಮೊದಲು ಡಬ್ಬಿ ನೋಡಿ ಹುಬ್ಬು ಗಂಟಿಕ್ಕಿದರು. ಆ ಬೀಜದಲ್ಲಿ ಇರುವುದೂ ನಾನು ಬರೆದುಕೊಟ್ಟ ಗುಳಿಗೆಯಲ್ಲಿ ಇರುವುದೂ ಒಂದೇ ವಸ್ತು, ಬೀಜದಲ್ಲಿ ಎಷ್ಟಿದೆ ಎಂದು ಯಾರೂ ಅಳೆದು ಡಬ್ಬಿಗೆ ತುಂಬಿರುವುದಿಲ್ಲ, ಎರಡೂ ಸೇರಿ ಮೈಗೆ ವಿಪರೀತವಾಗಿದೆ ಎಂದರು. ಇನ್ನು ಮೊಟ್ಟೆ, ಹಾಲು, ಕಾಳಿನ ಕತೆ. ಅವು ಒಳ್ಳೆಯ ಆಹಾರವೇ, ಆದರೆ ಗುಳಿಗೆಯ ಜೊತೆಗೇ ಹೋದರೆ ಎರಡೂ ಒಂದೇ ಬಾಗಿಲಲ್ಲಿ ನುಗ್ಗಲು ಹೋಗಿ ಗುಳಿಗೆ ಹಿಂದೆ ಬೀಳುತ್ತದೆ. ಅದಕ್ಕೇ ಖಾಲಿ ಹೊಟ್ಟೆ ಎಂದಿದ್ದು. ಹಣ್ಣು, ಬೀಜ, ಕಾಳು ಮೈಗೆ ಬೇಕು, ಅವುಗಳಿಂದಲೇ ಹೋದ ಕೈ ವಾಪಸ್ ಬರುತ್ತದೆ ಎಂದು ಮಾತ್ರ ನೆಚ್ಚಬೇಡಿ ಎಂದರು.

ಆಮೇಲೆ ಸುರುಳಿ ಬಿಚ್ಚಿದರು. ಒಂದೊಂದೇ ಗೆರೆ, ಒಂದೊಂದೇ ಹೊತ್ತು, ಪಕ್ಕದಲ್ಲಿ ಎಷ್ಟು ನೂಲು ಎಂದು ನನ್ನ ಅಕ್ಷರ. ಮೇಜು ಸಾಲದೆ ನೆಲದ ಮೇಲೆ ಹಾಸಿ ಮಂಡಿಯೂರಿ ಓದಿದರು. ಅಷ್ಟು ಓದಿದ ಹೆಂಗಸು ನನ್ನ ಗೀಚಾಟವನ್ನು ಬೆರಳಿಟ್ಟು ಓದುವುದನ್ನು ನೋಡಿ, ತಪ್ಪು ಮಾಡಿ ಬಂದವಳೆಂಬುದು ಮರೆತುಹೋಗಿ ನನ್ನ ಬೆನ್ನು ನೆಟ್ಟಗಾಯಿತು.

“ಅಮ್ಮಾ, ಇಷ್ಟು ವರ್ಷದಲ್ಲಿ ಇಂಥ ಲೆಕ್ಕ ನನಗೆ ಯಾರೂ ತಂದುಕೊಟ್ಟಿಲ್ಲ,” ಎಂದರು. “ಪುಡಿ ನಿಲ್ಲಿಸಿ. ಬರೆಯೋದು ನಿಲ್ಲಿಸಬೇಡಿ.”

ಹೊತ್ತು ಗೊತ್ತುಮಾಡಿಕೊಟ್ಟರು. ಏಳಕ್ಕೆ ಬರೀ ನೀರಿನ ಜೊತೆ ಗುಳಿಗೆ. ಎಂಟಕ್ಕೆ ಹಣ್ಣು, ಬ್ರೆಡ್ಡು. ಮೊಟ್ಟೆ, ಕಾಳು ಹೆಚ್ಚಿಗೆ ಸಂಜೆಗೆ. ನಾನು ಗಡಿಯಾರದ ಮುಂದೆ ಪೊಲೀಸಿನವಳ ಹಾಗೆ ನಿಂತೆ. ಒಂದು ವಾರದಲ್ಲಿ ಮೈ ತೂಗುವುದು ನಿಂತಿತು. ಇನ್ನೊಂದು ವಾರದಲ್ಲಿ ಕಾಗದದ ಗೆರೆಗಳೇ ವಿಷಯ ಹೇಳಿದವು. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಕೈ ಹತ್ತಿರ ಹತ್ತಿರ ನೆಟ್ಟಗಿರುತ್ತದೆ, ಆಮೇಲೆ ಇಳಿಯುತ್ತದೆ. ಸಿಕ್ಕಿದ್ದು ಎರಡು ಗಂಟೆ. ಬ್ಯಾಂಡ್ ಮಾಸ್ಟರ ಕಛೇರಿಗೆ ಉಳಿದದ್ದು ಹದಿನೆಂಟು ದಿನ. ಹೇಳಿದ ಹಾಗೆ ಅವರು ಬೆಳಿಗ್ಗೆಯೇ ಬಂದು ಅಳತೆ ಕೊಟ್ಟು ಹೋದರು.

ಕೈ ಎರಡು ಗಂಟೆಯದಾದರೂ ನಮ್ಮವರ ತಲೆ ದಿನವಿಡೀ ಅವರ ಹಿಡಿತದಲ್ಲೇ ಇತ್ತು. ಕೋಟಿನ ತುಂಡುಗಳನ್ನೆಲ್ಲ ಕಾಗದದಲ್ಲಿ ಮಾಡಿಕೊಂಡು ಆ ನೀಲಿ ಬಟ್ಟೆಯ ಮೇಲೆ ಜೋಡಿಸಿದರು, ಕಿತ್ತರು, ತಿರುಗಿಸಿದರು, ಮತ್ತೆ ಜೋಡಿಸಿದರು. ಐದು ದಿನ ಇದೇ. ಕಾಲರಿನ ಒಳಪಟ್ಟಿಯನ್ನು ತೋಳಿನ ಸಂದಿಯಲ್ಲಿ ಕೂರಿಸಿದರು. ಆರನೆಯ ದಿನ ನನ್ನನ್ನು ಕರೆದು ತೋರಿಸಿದರು. ಒಂದು ಗೇಣು ಕಡಿಮೆ ಇದ್ದ ಬಟ್ಟೆಯಲ್ಲಿ ಇಡೀ ಕೋಟು ಮಲಗಿತ್ತು. ತುಂಡು ತುಂಡಿನ ನಡುವೆ ಬೆರಳು ಇಡಲೂ ಜಾಗವಿಲ್ಲ. ಇಂಥದ್ದನ್ನು ಕಾಣಬಲ್ಲ ಕಣ್ಣು ಈ ಊರಿನಲ್ಲಿ ಇನ್ನೊಂದಿಲ್ಲ, ಆ ಕಣ್ಣು ನನ್ನ ಮನೆಯಲ್ಲಿದೆ ಎಂದು ನನ್ನ ಎದೆ ತುಂಬಿ ಬಂತು. ಆದರೂ ಬಾಯಲ್ಲಿ, ಸುಮಾರಾಗಿದೆ ಎಂದೆ. ಹೊಗಳಿದರೆ ಆ ಮನುಷ್ಯ ಅಟ್ಟ ಹತ್ತಿ ಕೂರುತ್ತಾರೆ.

ಎರಡು ಬೆಳಿಗ್ಗೆ, ಎಂಟರಿಂದ ಹತ್ತು, ಅವರು ಸುಣ್ಣದಲ್ಲಿ ಗೆರೆ ಹಾಕಿದರು. ನಡುಗಿದಲ್ಲಿ ಒರೆಸಿ ಮತ್ತೆ ಹಾಕಿದರು. ಬಲಭುಜಕ್ಕೆ ಎರಡು ಬೆರಳಿನ ಗುಟ್ಟನ್ನು ಸೇರಿಸಿದರು. ಮೂರನೆಯ ಬೆಳಿಗ್ಗೆ ಕತ್ತರಿಸುವುದು ಬಾಕಿ. ನಾನು ಇಸ್ತ್ರಿ ಪೆಟ್ಟಿಗೆಯ ಹತ್ತಿರ ನಿಂತಿದ್ದೆ. ಅವರು ಕತ್ತರಿ ತೆಗೆದುಕೊಂಡು ಬಟ್ಟೆಯ ಅಂಚಿಗೆ ಹಿಡಿದರು. ಹಿಡಿದೇ ಇದ್ದರು. ಕೈ ನಡುಗುತ್ತಿರಲಿಲ್ಲ. ನೋಡುತ್ತಿದ್ದ ಹಾಗೇ ಕತ್ತರಿಯನ್ನು ತಿರುಗಿಸಿ, ಹಿಡಿಕೆಯನ್ನು ನನ್ನ ಕಡೆಗೆ ಚಾಚಿದರು.

“ಸುಣ್ಣ ಒರೆಸಬಹುದು, ಕತ್ತರಿಸಿದ್ದನ್ನ ಒರೆಸೋಕಾಗಲ್ಲ,” ಎಂದರು. “ನೀನು ಹಿಡಿ.”

ನಾನು ಹಿಂದೆ ಸರಿದೆ. ನನ್ನ ಕೈ ದೊಡ್ಡದು, ನನ್ನ ಚಾಳಿ ನಿಮಗೆ ಗೊತ್ತಲ್ಲ, ಇಲ್ಲಿ ಒಂದು ನೂಲು ಹೆಚ್ಚಿಗೆ ಬಿಟ್ಟರೆ ಪಕ್ಕದ ತುಂಡು ಹಾಳಾಗುತ್ತದೆ ಎಂದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದೆ. ಗೊತ್ತು ಎಂದರು. ಗೊತ್ತಿದ್ದೂ ಕೊಡುತ್ತೀರಾ ಎಂದೆ. ಕತ್ತರಿಯನ್ನು ನನ್ನ ಕೈಗೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಹಿಡಿಕೆಯೊಳಗೆ ಅವರೇ ಸೇರಿಸಿದರು.

“ಗೆರೆ ಹೊರಗೆ ಅಲ್ಲ. ಗೆರೆ ಮೇಲೆ.”

ಹಿರಿಯ ಸವತಿ ನಾನಂದುಕೊಂಡದ್ದಕ್ಕಿಂತ ಭಾರವಿದ್ದಳು. ಮೊದಲ ಕಚಕ್ ಹಾಕುವಾಗ ನನ್ನ ಕೈ, ಹಾಳಾದ್ದು, ತಾನೇ ಹೊರಗೆ ಸರಿಯಿತು. ಅವರು ನೋಡುತ್ತಲೂ ಇರಲಿಲ್ಲ, ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಸದ್ದಿನಲ್ಲೇ ತಿಳಿಯಿತೋ ಏನೋ, ಮೇಲೆ ಎಂದರು. ನಾನು ಉಸಿರು ಬಿಗಿಹಿಡಿದು ಅಲಗನ್ನು ಗೆರೆಯ ಮೇಲೆ ತಂದೆ. ಒಂದು ಗಂಟೆ ನಲವತ್ತು ನಿಮಿಷ ಅಂಗಡಿಯಲ್ಲಿ ಕತ್ತರಿಯ ಸದ್ದು ಬಿಟ್ಟು ಬೇರೆ ಇಲ್ಲ. ಮುಗಿದಾಗ ನನ್ನ ರವಿಕೆ ಬೆವರಿನಲ್ಲಿ ತೊಯ್ದಿತ್ತು. ಮೇಜಿನ ಮೇಲೆ ಉಳಿದ ಚೂರುಗಳನ್ನೆಲ್ಲ ಬಳಿದರೆ ಒಂದು ಹಿಡಿಯಾಯಿತು, ಅಷ್ಟೇ.

ಹೊಲಿದೆ. ಅದನ್ನು ನಾನು ವರ್ಣಿಸುವುದಿಲ್ಲ, ಹೊಲಿಗೆ ನನಗೆ ಉಸಿರಾಟವಿದ್ದಂತೆ. ಕಡೆಯ ಭಾನುವಾರ ನಾವಿಬ್ಬರೂ ಪಾರ್ಕಿಗೆ ಹೋದೆವು, ನಾನಿದ್ದೇನಲ್ಲ, ಮುಕ್ಕಾಲು ಗಂಟೆ ಮುಂಚೆ. ಬ್ಯಾಂಡ್ ಮಾಸ್ಟರು ಮೆಟ್ಟಿಲು ಹತ್ತಿ ಜನಕ್ಕೆ ಬೆನ್ನು ತಿರುಗಿಸಿ ನಿಂತರು. ಎಲ್ಲರೂ ವಾದ್ಯ ನೋಡುತ್ತಿದ್ದರು, ನಾವು ಬೆನ್ನು ನೋಡುತ್ತಿದ್ದೆವು. ಎರಡು ಭುಜವೂ ಸಮ, ನೀರಿನ ಮಟ್ಟದ ಹಾಗೆ. ಅವರು ಕೋಲು ಎತ್ತಿದಾಗಲೂ ಬೆನ್ನಿನಲ್ಲಿ ಒಂದು ಸುಕ್ಕು ಏಳಲಿಲ್ಲ. ನಮ್ಮವರ ಬಲಗೈ ನಡುಗುತ್ತಿತ್ತು, ಅದರ ಹೊತ್ತು ಮೀರಿತ್ತು. ಆದರೆ ಅವತ್ತು ಅವರು ಅದನ್ನು ಜೇಬಿಗೆ ಹಾಕಲಿಲ್ಲ. ತೊಡೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು ಕೂತಿದ್ದರು.

ಸೋಮವಾರ ಬೆಳಿಗ್ಗೆ ಹಿಂದಿನ ದಿನದ ಗೆರೆಗಳ ಲೆಕ್ಕ ಬರೆಯಲು ಅಳತೆ ಪುಸ್ತಕ ತೆಗೆದೆ. ಅದು ಬ್ಯಾಂಡ್ ಮಾಸ್ಟರ ಪುಟಕ್ಕೆ ತೆರೆದುಕೊಂಡಿತು, ನಡುವೆ ಸುಣ್ಣದ ಬಿಲ್ಲೆ ಇಟ್ಟಿತ್ತು. ಕೆಳಗೆ ‘ಕತ್ತರಿ’ ಎಂದಿರುವ ಕಡೆ ಅವರ ಸಹಿ ಇರಲಿಲ್ಲ. ಬೇರೇನೋ ಬರೆದಿತ್ತು. ಅಕ್ಷರ ಎಳ್ಳಿನ ಕಾಳಿಗಿಂತ ಚಿಕ್ಕದು, ನಡುಗಿ ನಡುಗಿ ಸಾಲು ಮೇಲಕ್ಕೆ ಹತ್ತಿಹೋಗಿತ್ತು. ಕನ್ನಡಕ ತಂದು ಕಿಟಕಿಯ ಬೆಳಕಿಗೆ ಹಿಡಿದೆ.

‘ನನ್ನ ಹೆಂಡತಿ. ಒಂದು ನೂಲೂ ಹೆಚ್ಚಿಲ್ಲ.’

ಒಳಗಿನಿಂದ ಅವರು, ಗಂಟೆ ಏಳಾಯಿತು ಎಂದು ಕೂಗಿದರು. ಕಣ್ಣೊರೆಸಿಕೊಂಡು ಒಂದು ಲೋಟ ನೀರು ಬಗ್ಗಿಸಿದೆ, ಒಂದು ಗುಳಿಗೆ ಬಿಡಿಸಿ ಅವರ ಅಂಗೈಗೆ ಇಟ್ಟೆ.